‘ಇಲ್ಲ’ ಎನ್ನುವ ಡಾಕ್ಟರು ಬೇಕಾಗಿದ್ದಾರೆ

ಐರ್ಲೆಂಡಿನ ಅತ್ಲೋನ್ ಊರಿನ ನಮ್ಮ ಬಾಡಿಗೆಮನೆಯ ಅಡುಗೆ ಕಪಾಟಿನಲ್ಲಿ, ಮೆಂತ್ಯದ ಡಬ್ಬಿಗೂ ಇಂಗಿನ ಡಬ್ಬಿಗೂ ನಡುವೆ, ಕೆಮ್ಮಿನ ಔಷಧಿಯ ಬಾಟಲಿಯೊಂದು ವರ್ಷವಿಡೀ ನಿಂತಿರುತ್ತದೆ. ಅದರ ಮುಂಬದಿಯಲ್ಲಿ ಕಂಪನಿಯವರ ಬಣ್ಣದ ಚೀಟಿ. ಹಿಂಬದಿಯಲ್ಲಿ ನಾನೇ ಅಂಟಿಸಿದ ಇನ್ನೊಂದು ಪಟ್ಟಿ. ಬಿಳಿಯ ಕಾಗದವನ್ನು ಉದ್ದಕ್ಕೆ ಮಡಿಸಿ, ಒಂದಂಚನ್ನು ಕತ್ತರಿಯಿಂದ ಸಮಸಮನಾಗಿ ಹಲ್ಲು ಹಲ್ಲಾಗಿ ಕತ್ತರಿಸಿ, ಮೈದಾಹಿಟ್ಟಿನ ಅಂಟು ಬಳಿದು ಕೂಡಿಸಿದ್ದು. ಔಷಧಿ ಒಂದು ಹಲ್ಲಿನಷ್ಟು ಕೆಳಗಿಳಿದರೆ ಒಂದು ಹೊತ್ತಿನದು ಮುಗಿಯಿತು ಎಂದರ್ಥ. ಬಾಟಲಿಯ ಜೊತೆಗೇ ಅಳತೆಯ ಚಮಚ ಬರುವ ಈ ಕಾಲದಲ್ಲಿ ಇದೆಂಥ ಹುಚ್ಚು ಎಂದು ನಮ್ಮ ಮಗಳು ಸಿಂಧು ನಗುತ್ತಾಳೆ. ನಗಲಿ ಬಿಡಿ. ಚಮಚ ಮಾಡಿದವರು ರೋಗಿಯ ಮುಖ ಕಂಡಿಲ್ಲ, ಪಟ್ಟಿ ಕತ್ತರಿಸುವವರು ಕಂಡಿರುತ್ತಾರೆ ಎಂಬುದು ನನ್ನ ವಾದ.

ಹಾಗೆ ಪಟ್ಟಿ ಕತ್ತರಿಸುತ್ತಿದ್ದವರು ನಮ್ಮ ಅಪ್ಪ. ತುಂಗಭದ್ರೆಯ ದಡದ ಹರಿಹರದಲ್ಲಿ, ಸುತ್ತಿನ ಹಳ್ಳಿಗಳಿಗೆಲ್ಲ ಬೇಕಾಗಿದ್ದ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಅವರು ಕಂಪೌಂಡರ್. ಡಾಕ್ಟರು ಒಳಕೋಣೆಯಲ್ಲಿ ಪರೀಕ್ಷೆ ಮಾಡಿ ಚೀಟಿ ಬರೆದುಕೊಟ್ಟರೆ, ಪಕ್ಕದ ಸಣ್ಣ ಕೋಣೆಯ ಕಿಟಕಿಯಲ್ಲಿ ಆ ಚೀಟಿಯನ್ನು ತೆಗೆದುಕೊಂಡು, ರೋಗಿ ಮನೆಯಿಂದ ತೊಳೆದು ತಂದ ಬಾಟಲಿಗೆ ಕೆಂಪು ಔಷಧಿಯನ್ನೋ ಬಿಳಿಯ ಔಷಧಿಯನ್ನೋ ತುಂಬಿ, ಮಾತ್ರೆ ಅರೆದು ಪುಡಿಯ ಪೊಟ್ಟಣ ಕಟ್ಟಿ, ಯಾವಾಗ ಎಷ್ಟು ಎಂಬುದನ್ನು ಮೂರು ಮೂರು ಸಲ ಹೇಳಿ ಕಳಿಸುವುದು ಅಪ್ಪನ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಆ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಓದಿಕೊಳ್ಳುತ್ತಿದ್ದೆ. ಸ್ಪಿರಿಟ್ಟಿನ ವಾಸನೆಯೂ ಓಮಿನ ನೀರಿನ ವಾಸನೆಯೂ ಬೆರೆತ ಆ ಗಾಳಿ ಈಗಲೂ ಎಲ್ಲಿಯಾದರೂ ಸುಳಿದರೆ ನನಗೆ ಹೊಟ್ಟೆ ಹಸಿಯುತ್ತದೆ. ಏಕೆಂದರೆ ಅದು ಸಂಜೆಯ ತಿಂಡಿಗೆ ಮನೆಗೆ ಹೋಗುವ ಹೊತ್ತಿನ ವಾಸನೆ.

ಆ ಕಿಟಕಿಯ ಬಳಿ ನಡೆಯುತ್ತಿದ್ದ ಒಂದು ವ್ಯವಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಜನಕ್ಕೆ ಡಾಕ್ಟರೆಂದರೆ ದೇವರ ಸಮಾನ. ದೇವರೆದುರು ಯಾರಾದರೂ ನಿಜ ಹೇಳುತ್ತಾರೆಯೇ? ಒಳಗೆ ಹೋದವರೆಲ್ಲ ವಿನಯದಿಂದ ಬಗ್ಗಿ, ಬೀಡಿ ಬಿಟ್ಟಿದ್ದೇನೆ, ಮಾತ್ರೆ ತಪ್ಪಿಸಿಲ್ಲ, ಈಗ ಎಷ್ಟೋ ಆರಾಮ ಎಂದು ಡಾಕ್ಟರ ಮನಸ್ಸಿಗೆ ಹಿತವಾಗುವಂಥದ್ದನ್ನೆಲ್ಲ ಹೇಳಿ ಹೊರಗೆ ಬರುತ್ತಿದ್ದರು. ಬಂದವರು ಕಿಟಕಿಗೆ ಮೊಣಕೈ ಊರಿ, ದನಿ ತಗ್ಗಿಸಿ, ದಿನಕ್ಕೆ ಒಂದು ಕಟ್ಟು ಬೀಡಿ ಈಗಲೂ ಸೇದುವುದನ್ನೂ, ಮಾತ್ರೆಯನ್ನು ಅರ್ಧಕ್ಕೆ ಬಿಟ್ಟದ್ದನ್ನೂ, ರಾತ್ರಿ ಉಸಿರು ಕಟ್ಟುವುದನ್ನೂ ಅಪ್ಪನ ಮುಂದೆ ಒಪ್ಪಿಸುತ್ತಿದ್ದರು. ಅಪ್ಪ ಹೂಂಗುಟ್ಟುತ್ತಾ ಕೇಳಿಸಿಕೊಂಡು, ‘ಒಂದ್ ನಿಮಿಷ ಕೂತ್ಕಳ್ಳಿ, ಔಷಧಿ ತೀರೈತೆ, ಒಳಗಿಂದ ತರ್ತೀನಿ’ ಎಂದು ಹಿಂಬಾಗಿಲಿನಿಂದ ಡಾಕ್ಟರ ಬಳಿ ಹೋಗುತ್ತಿದ್ದರು. ಹಿಂದಿರುಗಿ ಬರುವಾಗ ಚೀಟಿ ಬದಲಾಗಿರುತ್ತಿತ್ತು. ಅಪ್ಪ ಹೋಗಿ ಹೇಳುತ್ತಾರೆಂದು ರೋಗಿಗೆ ಗೊತ್ತು. ರೋಗಿಗೆ ಗೊತ್ತೆಂದು ಡಾಕ್ಟರಿಗೆ ಗೊತ್ತು. ಆದರೂ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು, ಕಾಯಿಲೆಯೂ ಬಯಲಾಗುತ್ತಿತ್ತು.

ಇಷ್ಟೆಲ್ಲ ಹೇಳಿಕೊಳ್ಳುತ್ತಿರುವ ನಾನು, ಸ್ನೇಹಿತರೇ, ಕಾಲೇಜಿನಲ್ಲಿ ಮಾತ್ರ ಅಪ್ಪನ ಕೆಲಸ ಕೇಳಿದವರಿಗೆ ‘ಮೆಡಿಕಲ್ ಲೈನ್’ ಎಂದು ಹೇಳಿ ಜಾರಿಕೊಂಡವಳು. ಕಂಪೌಂಡರ್ ಎಂಬ ಪದವನ್ನು ಆಡಲು ನಾಲಿಗೆ ಏಳುತ್ತಿರಲಿಲ್ಲ. ಮುಂದೆ ಬೆಂಗಳೂರಿನಿಂದ ನನ್ನನ್ನು ನೋಡಲು ಬಂದವರಿಗೂ ಸೋದರಮಾವ ಅದೇ ಮಾತು ಹೇಳಿದರು. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲವಾದ್ದರಿಂದ ಯಾರೂ ಹೆಚ್ಚು ಕೆದಕಲಿಲ್ಲ.

ಹೀಗೆ ನೋಡಲು ಬಂದು ಒಪ್ಪಿಕೊಂಡು ಹೋದವರೇ ನಮ್ಮವರು. ಕೈ ರುಚಿಯ ಬಾಣಸಿಗರು. ಬೆಂಗಳೂರಿನ ಹೋಟೆಲಿನಿಂದ ಡಬ್ಲಿನ್ನಿನ ರೆಸ್ಟೋರೆಂಟಿಗೆ ಬಂದರು, ನಾಲ್ಕು ವರ್ಷದ ಸಿಂಧುವನ್ನು ಎತ್ತಿಕೊಂಡು ಹಿಂದೆಯೇ ನಾನೂ ಬಂದೆ. ಹದಿನೆಂಟು ವರ್ಷ ಕಳೆದ ಮೇಲೆ ಆ ರೆಸ್ಟೋರೆಂಟು ಮುಚ್ಚಿತು. ಸಿಂಧುವಿಗೆ ಅತ್ಲೋನಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ನಾವೂ ಇಲ್ಲಿಗೇ ಬಂದೆವು. ತುಂಗಭದ್ರೆಯ ದಡದಲ್ಲಿ ಹುಟ್ಟಿದವಳು ಶಾನನ್ ನದಿಯ ದಡ ಸೇರಿದ್ದು ಹೀಗೆ. ನಾನು ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುತ್ತೇನೆ. ನಮ್ಮವರು ವೃದ್ಧಾಶ್ರಮದ ಅಡುಗೆಮನೆಯಲ್ಲಿ ವಾರಕ್ಕೆ ಮೂರು ದಿನ ಅಡುಗೆ ಮಾಡುತ್ತಾರೆ. ಸುಖವಾಗಿಯೇ ಇದ್ದೆವು.

ಒಂದು ಭಾನುವಾರ ಅವರು ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರು. ಮೂವತ್ತು ವರ್ಷ ಚಾಕು ಹಿಡಿದ ಕೈ ಈರುಳ್ಳಿಗೆ ತಪ್ಪಿತೆಂದರೆ ನನಗೇನೋ ಅನುಮಾನ. ಬಟ್ಟೆ ಸುತ್ತುವ ನೆಪದಲ್ಲಿ ಮಣಿಕಟ್ಟು ಹಿಡಿದುಕೊಂಡೆ. ಮೂರು ಬೆರಳಿಟ್ಟು, ಮಾತಾಡದೆ, ಗಡಿಯಾರ ನೋಡುತ್ತಾ ನಾಡಿ ಎಣಿಸುವುದನ್ನು ಅಪ್ಪ ನನಗೆ ಏಳನೆಯ ಕ್ಲಾಸಿನಲ್ಲೇ ಕಲಿಸಿದ್ದರು. ಎರಡು ಬಡಿತ, ಒಂದು ಬಿಡುವು, ಆಮೇಲೆ ಮೂರು ಅವಸರದ ಬಡಿತ, ಮತ್ತೆ ಬಿಡುವು. ತಲೆ ಸುತ್ತುತ್ತದೆಯೇ ಎಂದು ಕೇಳಿದೆ. ನಿದ್ದೆ ಕಡಿಮೆಯಾಗಿದೆ ಅಷ್ಟೇ, ‘ಐ ಆಮ್ ಗ್ರ್ಯಾಂಡ್’, ಅಂದರೆ ಚೆನ್ನಾಗಿಯೇ ಇದ್ದೇನೆ, ಎಂದರು. ಈ ದೇಶದಲ್ಲಿ ಕಾಲು ಮುರಿದವರೂ ಗ್ರ್ಯಾಂಡ್ ಆಗಿಯೇ ಇರುತ್ತಾರೆ. ನಮ್ಮವರು ಇಲ್ಲಿಯ ನೀರು ಕುಡಿದು ಮೊದಲು ಕಲಿತದ್ದು ಆ ಒಂದು ಪದ.

ನನ್ನ ಭಯಕ್ಕೆ ಕಾರಣವಿತ್ತು. ಊರವರ ಕಾಯಿಲೆಗಳನ್ನೆಲ್ಲ ಕಿಟಕಿಯಲ್ಲಿ ಕೇಳಿಸಿಕೊಂಡ ಅಪ್ಪ ತಮ್ಮ ಎದೆನೋವನ್ನು ಯಾರಿಗೂ ಹೇಳಲಿಲ್ಲ. ಮುಖ ಯಾಕೋ ಸಪ್ಪಗಿದೆಯಲ್ಲ ಎಂದು ಡಾಕ್ಟರೇ ಕೇಳಿದಾಗ, ಬಿಸಿಲು ಸಾರ್ ಎಂದರಂತೆ. ಅಮ್ಮ ಕೇಳಿದಾಗ ಗ್ಯಾಸು ಎಂದರು. ನಾನು ಕೇಳಲೇ ಇಲ್ಲ. ಪಿಯುಸಿ ಪರೀಕ್ಷೆಯ ಚಿಂತೆಯಲ್ಲಿ ಇದ್ದೆ. ಅದೇ ವಾರ, ಔಷಧಿ ಅಳೆಯುತ್ತಿದ್ದವರು ಹಾಗೆಯೇ ಕುಸಿದು ಕೂತರು, ಮತ್ತೆ ಏಳಲಿಲ್ಲ. ಬೇರೆಯವರೆಲ್ಲರ ಗುಟ್ಟನ್ನು ಡಾಕ್ಟರಿಗೆ ತಲುಪಿಸಿದ ಮನುಷ್ಯನ ಗುಟ್ಟನ್ನು ತಲುಪಿಸುವವರು ಆ ದವಾಖಾನೆಯಲ್ಲಿ ಒಬ್ಬರೂ ಇರಲಿಲ್ಲ.

ಆದ್ದರಿಂದ ನಮ್ಮವರನ್ನು ತಕ್ಷಣ ಡಾಕ್ಟರಿಗೆ ತೋರಿಸಬೇಕಿತ್ತು. ಯಾವ ಡಾಕ್ಟರಿಗೆ ಎಂಬುದೇ ಪ್ರಶ್ನೆ. ನಮ್ಮ ಬಳಿ ಸರ್ಕಾರ ಕೊಟ್ಟ ಮೆಡಿಕಲ್ ಕಾರ್ಡ್ ಇದೆ. ಅದಿದ್ದವರು ಡಾಕ್ಟರಿಗೆ ಕೈಯಿಂದ ಏನೂ ಕೊಡಬೇಕಿಲ್ಲ. ಆದರೆ ಈ ಕಾರ್ಡಿನವರನ್ನು ನನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ ಎಂದು ಊರಿನ ಡಾಕ್ಟರೊಬ್ಬರು ಒಪ್ಪಬೇಕು. ಡಬ್ಲಿನ್ನಿನಲ್ಲಿ ನಮ್ಮನ್ನು ನೋಡುತ್ತಿದ್ದವರು, ಊರು ಬಿಟ್ಟವರನ್ನು ಇಟ್ಟುಕೊಳ್ಳಲಾಗದು, ಅಲ್ಲಿಯೇ ಯಾರನ್ನಾದರೂ ನೋಡಿಕೊಳ್ಳಿ ಎಂದು ಸೌಜನ್ಯದಿಂದ ಬರೆದು ಕೈ ತೊಳೆದುಕೊಂಡಿದ್ದರು. ಅತ್ಲೋನಿನಲ್ಲೋ ಎಲ್ಲರ ಪಟ್ಟಿಯೂ ತುಂಬಿತ್ತು. ದುಡ್ಡು ಕೊಟ್ಟೇ ತೋರಿಸುತ್ತೇವೆಂದರೂ ಹೊಸಬರಿಗೆ ಜಾಗವಿರಲಿಲ್ಲ. ಆಸ್ಪತ್ರೆಯ ಎಮರ್ಜೆನ್ಸಿಗಾದರೂ ಹೋಗೋಣವೆಂದರೆ, ಅಲ್ಲಿ ಹೋಗಿ ಹತ್ತು ಗಂಟೆ ಕುರ್ಚಿಯಲ್ಲಿ ಕೂರಲು ನನಗೇನು ಬಂದಿದೆ ಎಂದು ನಮ್ಮವರು ಜಗ್ಗಲೇ ಇಲ್ಲ.

ನಾನು ಹರಿಹರದವಳಲ್ಲವೇ, ನನಗೆ ತಿಳಿದ ದಾರಿಯನ್ನೇ ಹಿಡಿದೆ. ಶನಿವಾರ ಕೂತು ಒಂದು ಡಬ್ಬಿ ಕೋಡುಬಳೆ ಕರಿದು, ಸೋಮವಾರ ಮುಖ್ಯರಸ್ತೆಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ರಿಸೆಪ್ಷನ್ನಿನ ಹೆಂಗಸು ಕೋಡುಬಳೆಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಅದ್ಭುತ ಎಂದಳು. ನಮ್ಮ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಸದ್ಯ ಪಟ್ಟಿ ಸ್ವಲ್ಪ ಬಿಗಿಯಾಗಿದೆ, ಆದರೂ ನಿಮ್ಮ ನಂಬರು ಕೊಟ್ಟಿರಿ, ಇದನ್ನು ನನಗೆ ಬಿಡಿ, ನೋಡೋಣ ಎಂದಳು. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ. ಕೆಲಸ ಆದಂತೆಯೇ ಎಂದು ಮನೆಯಲ್ಲಿ ಸಾರಿದೆ.

ಫೋನು ಬರಲಿಲ್ಲ. ಒಂದು ವಾರ ಕಾದೆ, ಎರಡು ವಾರ ಕಾದೆ. ಬೇರೆ ಕ್ಲಿನಿಕ್ಕಿಗೆ ಹೋಗು ಎಂದು ಸಿಂಧು ಹೇಳಿದರೆ ನನಗೆ ಮನಸ್ಸು ಬಾರದು. ಒಬ್ಬರು ನೋಡೋಣ ಎಂದಿರುವಾಗ ಇನ್ನೊಬ್ಬರ ಬಾಗಿಲು ತಟ್ಟುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲವೇ? ಮೂರನೆಯ ವಾರ ಹೇಗೋ ಮನಸ್ಸು ಗಟ್ಟಿಮಾಡಿಕೊಂಡು ಸೇತುವೆಯ ಆಚೆಗಿನ ಎರಡನೆಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ತರುಣನೂ ಅಷ್ಟೇ ಮಧುರವಾಗಿ, ಈಸ್ಟರ್ ಕಳೆದ ಮೇಲೆ ಒಮ್ಮೆ ಬಂದು ನೋಡಿ, ಏನಾದರೂ ಆಗಬಹುದು ಎಂದ. ಈಸ್ಟರಿಗೆ ಇನ್ನೂ ಐದು ವಾರವಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಮ್ಮವರು ಶೂ ಲೇಸು ಕಟ್ಟಲು ಬಗ್ಗಿದವರು ಗೋಡೆ ಹಿಡಿದುಕೊಂಡು ನಿಂತರು; ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಏನೂ ಇಲ್ಲ ಎಂದು ಕೆಲಸಕ್ಕೆ ಹೊರಟೇಹೋದರು. ಅವರು ಹಿಂದಿರುಗುವ ತನಕ ನಾನು ಕಿಟಕಿ ಬಿಟ್ಟು ಅಲುಗಲಿಲ್ಲ.

ಆ ಸಂಜೆ ಸಿಂಧು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದಳು. ಇಲ್ಲಿಯೇ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಐರಿಷ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಮ್ಮಾ, ಆ ಇಬ್ಬರೂ ನಿನಗೆ ಇಲ್ಲ ಎಂದೇ ಹೇಳಿದ್ದು, ಇಲ್ಲಿ ಯಾರೂ ಮುಖ ನೋಡಿಕೊಂಡು ಇಲ್ಲ ಎನ್ನುವುದಿಲ್ಲ ಎಂದಳು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಲ್ಲ, ಇದನ್ನು ನನಗೆ ಇವಳು ಹೇಳಿಕೊಡಬೇಕೇ! ಸಾಲ ಕೇಳಿದವರಿಗೆ, ಸಂಬಂಧ ಕೇಳಿದವರಿಗೆ, ಎಮ್ಮೆ ಕೇಳಿದವರಿಗೆ ‘ನೋಡೋಣ’ ಎಂದು ಕಳಿಸಿಯೇ ತಲೆತಲಾಂತರದಿಂದ ಬಾಳಿದವರು ನಾವು. ಹೊಸ ಬಟ್ಟೆ ಕೇಳಿದಾಗ ನಮ್ಮಮ್ಮ ನೋಡೋಣ ಎಂದರೆ ಅದು ಈ ಜನ್ಮದಲ್ಲಿ ಬರುವುದಿಲ್ಲವೆಂದು ಐದು ವರ್ಷಕ್ಕೇ ತಿಳಿದಿದ್ದವಳು ನಾನು. ಅದೇ ಮಾತನ್ನು ಇಂಗ್ಲಿಷಿನಲ್ಲಿ, ನಗುಮುಖದಲ್ಲಿ ಹೇಳಿದ ಕೂಡಲೇ ವರವೆಂದು ನಂಬಿ ಮೂರು ವಾರ ಫೋನು ಕಾದೆನಲ್ಲ. ಪರದೇಶದಲ್ಲಿ ಜನ ನೇರವಾಗಿ ಮಾತಾಡುತ್ತಾರೆಂಬ ಭ್ರಮೆಯನ್ನು ನನ್ನ ತಲೆಗೆ ತುಂಬಿದವರು ಯಾರೋ ಗೊತ್ತಿಲ್ಲ. ಸಿಕ್ಕರೆ ಎರಡು ಮಾತು ಆಡುವುದಿದೆ.

ಸಿಂಧು ಇನ್ನೊಂದು ಸಂಗತಿಯನ್ನೂ ಪತ್ತೆಹಚ್ಚಿದ್ದಳು. ಮೂವರು ಡಾಕ್ಟರು ಸೇರಿಸಿಕೊಳ್ಳಲು ಒಲ್ಲೆವೆಂದರೆ ಆಗ ಸರ್ಕಾರವೇ ಒಬ್ಬ ಡಾಕ್ಟರನ್ನು ಗೊತ್ತುಮಾಡುತ್ತದಂತೆ. ಹಾಗಾದರೆ ಈಗ ನನಗೆ ಬೇಕಾದದ್ದು ಮೂರು ‘ಇಲ್ಲ’. ಜೀವಮಾನವೆಲ್ಲ ಹೂಂ ಎನಿಸಿಕೊಳ್ಳಲು ಒದ್ದಾಡಿದವಳು ಇಲ್ಲ ಎನಿಸಿಕೊಳ್ಳಲು ಹೊರಟೆ. ಅದೇನು ಸುಲಭವೆಂದುಕೊಂಡಿರಾ? ಮೊದಲನೆಯ ಕ್ಲಿನಿಕ್ಕಿನ ಹೆಂಗಸಿಗೆ, ತಾಯಿ, ದಯವಿಟ್ಟು ಆಗುವುದಿಲ್ಲ ಎಂದು ಒಂದು ಚೀಟಿ ಬರೆದುಕೊಡಿ ಎಂದರೆ ಆಕೆ ನೊಂದುಕೊಂಡಳು. ಕೋಡುಬಳೆ ತಿಂದವಳಿಗೆ ಆ ಮಾತು ಬರೆಯಲು ಕೈ ಬರುತ್ತಿಲ್ಲ. ಅರ್ಧ ಗಂಟೆ ಕ್ಷಮೆ ಕೇಳುತ್ತಾ ಬರೆದಳು. ಎರಡನೆಯ ಕಡೆಯ ತರುಣ, ಈಸ್ಟರ್ ತನಕವಾದರೂ ಕಾಯಬಾರದೇ ಎಂದು ಬೇಡಿಕೊಂಡು ಕೊನೆಗೆ ಬರೆದುಕೊಟ್ಟ. ಎರಡು ‘ಇಲ್ಲ’ಗಳನ್ನು ಪರ್ಸಿನಲ್ಲಿಟ್ಟುಕೊಂಡು, ಮೂರನೆಯದಕ್ಕಾಗಿ ಊರ ಅಂಚಿನ ಸಣ್ಣ ಕ್ಲಿನಿಕ್ಕಿಗೆ ಬಸ್ಸು ಹತ್ತಿದೆ.

ಅಲ್ಲಿದ್ದವಳು ಬ್ರೀಡಾ, ನನ್ನಷ್ಟೇ ವಯಸ್ಸಿನ, ದಪ್ಪ ಕನ್ನಡಕದ ಹೆಂಗಸು. ನಾನು ಈ ಸಲ ಪೀಠಿಕೆಯಿಲ್ಲದೆ, ನೀವು ನಮ್ಮನ್ನು ಸೇರಿಸಿಕೊಳ್ಳುವುದಿಲ್ಲವೆಂದು ಬರೆದುಕೊಡಿ, ಅವಸರವಿದೆ ಎಂದೆ. ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು. ಒಂದೂವರೆ ತಿಂಗಳಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರಲ್ಲಿ ಆಕೆಯೇ ಮೊದಲನೆಯವಳು. ಗಂಡನ ನಾಡಿ ತಪ್ಪುತ್ತಿದೆ, ಎರಡು ಬಡಿದು ಬಿಡುತ್ತದೆ, ಆಮೇಲೆ ಮೂರು ಓಡುತ್ತದೆ ಎಂದು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ. ನೀವು ನರ್ಸೇ ಎಂದಳು. ಮೆಡಿಕಲ್ ಲೈನ್ ಎಂಬ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದಿತ್ತು, ಯಾಕೋ ನುಂಗಿಕೊಂಡೆ. ನಮ್ಮ ತಂದೆ ಕಂಪೌಂಡರ್ ಆಗಿದ್ದರು, ಡಾಕ್ಟರ ಕೈಕೆಳಗೆ ಔಷಧಿ ಕೊಡುತ್ತಿದ್ದರು, ಜನರ ಮಾತು ಕೇಳುತ್ತಿದ್ದರು, ಎಂದೆ. ಮೂವತ್ತೈದು ವರ್ಷ ಹೊರಗಿನವರಿಂದ ಮುಚ್ಚಿಟ್ಟ ಪದವನ್ನು ಅದರ ಅರ್ಥವೇ ತಿಳಿಯದವಳ ಮುಂದೆ ಮೊದಲ ಸಲ ಆಡಿದೆನೆಂದು ಆಮೇಲೆ ನಾಚಿಕೆಯಾಯಿತು.

ಬ್ರೀಡಾ ಒಳಗೆ ಹೋಗಿ ಬಂದಳು. ತಮ್ಮಲ್ಲಿಗೆ ಹೊಸದಾಗಿ ಒಬ್ಬ ಫಿಸಿಶಿಯನ್ ಅಸೋಸಿಯೇಟ್ ಬಂದಿದ್ದಾಳೆ, ಆಕೆ ಡಾಕ್ಟರಲ್ಲ, ಆದರೆ ಪರೀಕ್ಷೆ ಮಾಡುತ್ತಾಳೆ, ಔಷಧಿ ಬರೆಯುವುದೂ ಸಹಿ ಮಾಡುವುದೂ ಡಾಕ್ಟರು. ಆಕೆ ಬಂದದ್ದರಿಂದ ಪಟ್ಟಿಯಲ್ಲಿ ಒಂದಿಷ್ಟು ಜಾಗವಾಗಿದೆ, ಮೆಡಿಕಲ್ ಕಾರ್ಡಿನವರಿಗೂ ಆಗುತ್ತದೆ, ನಾಳೆ ಬೆಳಿಗ್ಗೆಯೇ ಕರೆತನ್ನಿ ಎಂದು ವಿವರಿಸಿದಳು. ನಾನು ಪೆದ್ದಿಯ ಹಾಗೆ, ಹಾಗಾದರೆ ಇಲ್ಲ ಅಂತ ಬರೆದುಕೊಡುವುದಿಲ್ಲವೇ ಎಂದು ಕೇಳಿದೆ. ಬ್ರೀಡಾ ನಕ್ಕಳು. ನನಗೆ ಅಲ್ಲಿಯೇ ಕುರ್ಚಿಯ ಮೇಲೆ ಅಳು ಬಂತು.

ಮನೆಗೆ ಬಂದು ಹೇಳಿದರೆ ನಮ್ಮವರು ಹುಬ್ಬು ಗಂಟಿಕ್ಕಿದರು.

‘ಡಾಕ್ಟರ್ ಅಲ್ವಂತಾ? ಇಷ್ಟೆಲ್ಲಾ ಓಡಾಡಿ ಕೊನೆಗೆ ಒಬ್ಬ ಕಂಪೌಂಡರ್‌ನ ಹುಡುಕ್ಕೊಂಡು ಬಂದ್ಯಾ?’

ಅಂದದ್ದೇ ತಡ, ಏನು ಅಂದೆನೆಂದು ಅವರಿಗೂ ಹೊಳೆಯಿತು. ಮದುವೆಯಾದ ಮೇಲೆ ಸತ್ಯವನ್ನು ನಾನೇ ಅವರಿಗೆ ಹೇಳಿದ್ದೆ. ಯಾವತ್ತೂ ಆಡಿಕೊಂಡವರಲ್ಲ, ಇವತ್ತು ಹೆದರಿಕೆಯಲ್ಲಿ ಬಾಯಿ ಜಾರಿತ್ತು. ನಾನು ಜಗಳಕ್ಕೆ ಹೆಸರಾದವಳು; ಆ ಹೊತ್ತು ಮಾತ್ರ ಒಲೆಯ ಮೇಲಿನ ಸಾರನ್ನು ಕೈಯಾಡಿಸುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಅವರೇ ಬಂದು, ನಾಳೆ ಎಷ್ಟು ಗಂಟೆಗೆ ಹೋಗಬೇಕು ಎಂದು ಕೇಳಿದರು.

ಆ ಅಸೋಸಿಯೇಟಿನ ಹೆಸರು ಈಫಾ. ಡ್ರೋಹೆಡಾ ಕಡೆಯ ಹುಡುಗಿ, ಸಿಂಧುವಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಡಾಕ್ಟರಲ್ಲ ಎಂದು ಮೊದಲೇ ಹೇಳಿಕೊಂಡಳು; ಆ ಮಾತನ್ನು ಅವಳು ತಲೆ ತಗ್ಗಿಸದೆ ಹೇಳಿದ್ದು ನನಗೆ ಬಹಳ ಹಿಡಿಸಿತು. ನಮ್ಮವರ ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆದಳು. ಆಮೇಲೆ ಅವಸರ ಮಾಡದೆ, ಏನು ಅಡುಗೆ ಮಾಡುತ್ತೀರಿ, ಎಷ್ಟು ಜನಕ್ಕೆ, ಭಾರದ ಪಾತ್ರೆ ಯಾರು ಎತ್ತುತ್ತಾರೆ ಎಂದು ವಿಚಾರಿಸತೊಡಗಿದಳು. ನಮ್ಮವರಿಗೆ ಅಡುಗೆಯ ಮಾತೆಂದರೆ ಕೇಳಬೇಕೇ? ಐರಿಷ್ ಮುದುಕರಿಗೆ ಉಪ್ಪಿಟ್ಟು ತಿನ್ನಿಸಿದ ಸಾಹಸವನ್ನು ವರ್ಣಿಸುತ್ತಾ ವರ್ಣಿಸುತ್ತಾ, ಯಾವಾಗ ದನಿ ಇಳಿಸಿದರೋ, ಆ ಹುಡುಗಿಯ ಕಡೆಗೆ ಯಾವಾಗ ಬಾಗಿದರೋ ನನಗೆ ತಿಳಿಯಲಿಲ್ಲ. ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದರು: ತಣ್ಣನೆಯ ಉಗ್ರಾಣದಲ್ಲಿ ಒಂದು ಸಲ, ಬಸ್‌ಸ್ಟಾಪಿನಲ್ಲಿ ಒಂದು ಸಲ, ಒಲೆಯ ಮುಂದೆ ಒಂದು ಸಲ, ಕಣ್ಣು ಕತ್ತಲೆ ಬಂದು ಬಿದ್ದಿದ್ದಾರೆ. ಎಚ್ಚರವಾದಾಗ ನೆಲದ ಮೇಲಿದ್ದರಂತೆ.

ಒಲೆಯ ಮುಂದೆ! ಪಕ್ಕದಲ್ಲೇ ಕೂತ ಹೆಂಡತಿಗೆ ಹೇಳದ್ದನ್ನು ಹತ್ತು ನಿಮಿಷದ ಹಿಂದೆ ಕಂಡ ಹುಡುಗಿಗೆ ಹೇಳಿದರಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಈಫಾ ಎಲ್ಲವನ್ನೂ ಬರೆದುಕೊಂಡು ಡಾಕ್ಟರನ್ನು ಕರೆತಂದಳು. ಎತ್ತರದ, ನರೆತ ಕೂದಲಿನ, ಗಂಭೀರ ಮನುಷ್ಯ. ಇಸಿಜಿಯ ಕಾಗದವನ್ನು ನೋಡಿ, ನಮ್ಮವರ ಕಡೆ ತಿರುಗಿ, ಎಂದಾದರೂ ತಲೆ ಸುತ್ತಿ ಬಿದ್ದದ್ದುಂಟೇ ಎಂದು ಕೇಳಿದರು. ನಮ್ಮವರು ಕುರ್ಚಿಯಲ್ಲಿ ನೆಟ್ಟಗಾದರು. ಮುಖದಲ್ಲಿ ವಿನಯದ ನಗೆ ತಂದುಕೊಂಡು, ಇಲ್ಲ ಡಾಕ್ಟರ್, ಹಾಗೇನೂ ಇಲ್ಲ, ಐ ಆಮ್ ಗ್ರ್ಯಾಂಡ್ ಎಂದರು.

‘ಮೂರು ಸಲ,’ ಎಂದಳು ಈಫಾ, ಮೆಲ್ಲಗೆ.

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ನಮ್ಮವರು ನೆಲ ನೋಡಿದರು, ಆದರೆ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಹೊರಲಾರದ್ದನ್ನು ಯಾರೋ ಇಳಿಸಿಕೊಂಡಾಗ ಬರುವ ನಿಟ್ಟುಸಿರು ಬಿಟ್ಟರು. ನಾನೋ ಮುಖ ಮುಚ್ಚಿಕೊಂಡೆ. ಆ ಬಿಸಿಲಿನ ವಾರ ನಮ್ಮಪ್ಪನ ಪಕ್ಕದಲ್ಲಿ ಒಬ್ಬರು, ಒಬ್ಬರೇ ಒಬ್ಬರು ನಿಂತು ಹಾಗೆ ಮೆಲ್ಲಗೆ ಹೇಳಿದ್ದರೆ ಎಂಬ ಯೋಚನೆ ಬಂದು ಅಳು ತಡೆಯಲಾಗಲಿಲ್ಲ. ಗಂಡನ ಕಾಯಿಲೆಗೆ ಅಳುತ್ತಿದ್ದೇನೆಂದು ತಿಳಿದು ಡಾಕ್ಟರು ಸಮಾಧಾನ ಹೇಳಿದರು. ಹೃದಯದ ಲಯ ತಪ್ಪಿದೆ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಆಸ್ಪತ್ರೆಗೊಂದು ಪತ್ರ ಬರೆದು ಲಕೋಟೆಯಲ್ಲಿಟ್ಟು ಕೊಟ್ಟರು. ಬ್ರೀಡಾ ನಮ್ಮಿಬ್ಬರ ಹೆಸರನ್ನೂ ಪಟ್ಟಿಗೆ ಸೇರಿಸಿದಳು.

ನಮ್ಮನ್ನು ಕರೆತಂದು ಹೊರಗೆ ಕಾಯುತ್ತಿದ್ದ ಸಿಂಧು ಕಾರು ತರಲು ಹೋದಳು. ನಾವಿಬ್ಬರೂ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತೆವು. ಮಳೆ ನಿಂತು ಬಿಸಿಲು ಬಂದಿತ್ತು. ನಾನು ಲಕೋಟೆ ಹಿಡಿದುಕೊಂಡಿದ್ದೆ. ಬಯ್ಯಬೇಕೆಂದು ಕೂಡಿಟ್ಟುಕೊಂಡ ಮಾತು ಒಂದೂ ನೆನಪಾಗುತ್ತಿರಲಿಲ್ಲ. ಅವರು ನನ್ನ ಮುಖ ನೋಡದೆ, ರಸ್ತೆಯನ್ನು ನೋಡುತ್ತಾ ಹೇಳಿದರು:

‘ಮೂರಲ್ಲ ಕಣೇ. ನಾಲ್ಕು.’

ನಾನು ತಿರುಗಿದೆ.

‘ಹೋದ ವಾರ, ಮನೇಲೇ, ಮೆಟ್ಟಿಲ ಮೇಲೆ. ನೀನು ಹಿತ್ತಲಲ್ಲಿ ಬಟ್ಟೆ ಒಣಗಾಕ್ತಿದ್ದೆ. ಆ ಹುಡುಗಿಗೂ ಹೇಳ್ಲಿಲ್ಲ... ನಿಂಗೆ ಮೊದ್ಲು ಹೇಳ್ಬೇಕು ಅನ್ನಿಸ್ತು.’

ಸಿಂಧುವಿನ ಕಾರು ಮುಂದೆ ಬಂದು ನಿಂತಿತು. ಎರಡು ನಿಮಿಷ ಇರು ಎಂದು ಅವಳಿಗೆ ಕೈಸನ್ನೆ ಮಾಡಿ, ಲಕೋಟೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅವರ ಕೈ ಹಿಡಿದು ಮತ್ತೆ ಒಳಗೆ ಕರೆದುಕೊಂಡು ಹೋದೆ.